ಹೂವು ಕಾಯಲ್ಲ, ಎಲೆ ಕಾಯುತ್ತೆ: ಅಡಿಕೆ ನೆರಳಿನಲ್ಲಿ ಬಣ್ಣದ ಎಲೆ ಬೆಳೆಯೋದು ಹೇಗೆ?

ಮುಂದಿನ ಸಲ ಮದುವೆ ಮನೆಗೆ ಹೋದಾಗ ಮಂಟಪದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮನೆಗೆ ಬಂದು ಜೂಮ್ ಮಾಡಿ ನೋಡಿ. ಗುಲಾಬಿ, ಜರ್ಬೆರಾ, ಸೇವಂತಿಗೆ ಮೊದಲು ಕಣ್ಣಿಗೆ ಬೀಳುತ್ತವೆ. ಅವುಗಳ ಹಿಂದೆ, ನಡುವೆ, ಕೆಳಗೆ ಏನಿದೆ ಅಂತ ಎಣಿಸುತ್ತಾ ಹೋಗಿ. ಉದ್ದದ ಹಸಿರು ಎಲೆ, ಹಳದಿ ಅಂಚಿನ ಎಲೆ, ಕೆಂಪು-ನೇರಳೆ ಎಲೆ, ನವಿರಾದ ಜರೀಗಿಡದ ಗರಿ ಸಿಗುತ್ತವೆ. ಹೂವಿನ ಕಡ್ಡಿ, ತಂತಿ, ಸ್ಪಂಜು ಎಲ್ಲವನ್ನೂ ಮುಚ್ಚಿ, ಹೂವು ಎದ್ದು ಕಾಣುವ ಹಾಗೆ ಮಾಡಿರೋದು ಇದೇ ಎಲೆ. ಇದಕ್ಕೆ ಮಾರುಕಟ್ಟೆಯಲ್ಲಿ ಕಟ್ ಗ್ರೀನ್ಸ್ ಅಥವಾ ಕಟ್ ಫೋಲಿಯೇಜ್ ಅಂತಾರೆ. ಹೂವಿನ ಹಾಗೇ ಇದನ್ನೂ ಕಟ್ಟಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ತಾರೆ.

ಹೂವಿನ ಜೊತೆ ಎಲೆ ಸೇರಿಸೋದು ನಮಗೇನೂ ಹೊಸದಲ್ಲ. ಮಲ್ಲಿಗೆ ಮಾಲೆಯ ನಡುವೆ ಮರುಗ, ದವನ, ಪಚ್ಚೆತೆನೆ ಕಟ್ಟುವವರು ನಾವು. ಅಲ್ಲಿ ಎಲೆಗೆ ಬೆಲೆ ಪರಿಮಳದಿಂದ. ಬೊಕೆಯಲ್ಲಿ, ಸ್ಟೇಜ್ ಡೆಕೋರೇಷನ್‌ನಲ್ಲಿ ಬೆಲೆ ಬರೋದು ಬಣ್ಣದಿಂದ, ಆಕಾರದಿಂದ, ಎಲ್ಲಕ್ಕಿಂತ ಮುಖ್ಯವಾಗಿ ಕೊಯ್ದ ಮೇಲೆ ಎಷ್ಟು ದಿನ ಬಾಳುತ್ತೆ ಅನ್ನೋದರಿಂದ.

ನಮ್ಮದು ಮಲೆನಾಡಿನ ಅಡಿಕೆ ತೋಟ. ತೋಟಗಾರಿಕೆ ಓದಿ ಊರಿಗೆ ಮರಳಿದ ಮೇಲೆ ಸಾವಯವದಲ್ಲಿ ಅಡಿಕೆ, ಮೆಣಸಿನ ಜೊತೆ ನಾನು ಬೆಳೆಸುತ್ತಿರುವ ಬೆಳೆಗಳಲ್ಲಿ ಎಲೆಯೂ ಒಂದು. "ಎಲೆ ಮಾರಿ ಬದುಕೋಕಾಗುತ್ತಾ?" ಅಂತ ನನ್ನನ್ನು ಕೇಳುವ ಹುಡುಗರು ಬಹಳ. ಎಲೆಯೊಂದರಿಂದಲೇ ಮನೆ ನಡೆಸ್ತೀನಿ ಅಂದರೆ ಕಷ್ಟ. ಇರುವ ತೋಟದ ಖಾಲಿ ನೆರಳಿಗೆ ಒಂದು ಆದಾಯ ಅಂದರೆ ಖಂಡಿತ ಯೋಚಿಸಬಹುದು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಎಲೆಯ ದೊಡ್ಡ ಗುಣ: ತಾಳ್ಮೆ

ಹೂವು ಬೆಳೆದವರಿಗೆ ಗೊತ್ತು. ಚೆಂಡು ಹೂವು ಅರಳಿತು ಅಂದರೆ ಕೊಯ್ಯಲೇಬೇಕು. ದರ ಬಿದ್ದಿದೆ ಅಂತ ಬಿಟ್ಟರೆ ಗಿಡದಲ್ಲೇ ಒಣಗುತ್ತೆ, ಕೊಯ್ದರೆ ಕೂಲಿಯೂ ಹುಟ್ಟಲ್ಲ. 2020ರ ಲಾಕ್‌ಡೌನ್‌ನಲ್ಲಿ ಹೂವಿನ ಹೊಲಗಳ ಮೇಲೆ ಟ್ರ್ಯಾಕ್ಟರ್ ಹೊಡೆದ ವಿಡಿಯೋಗಳನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದ್ದೇವೆ. ಆ ವರ್ಷ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು.

ಎಲೆಯ ವ್ಯಾಪಾರವೂ ಮದುವೆ, ಸಮಾರಂಭಗಳನ್ನೇ ನಂಬಿಕೊಂಡಿದೆ. ಆಷಾಢ, ಪಿತೃಪಕ್ಷ, ಧನುರ್ಮಾಸ ಬಂತು ಅಂದರೆ ಡೆಕೋರೇಷನ್‌ನವರ ಫೋನೇ ಬರಲ್ಲ. ಆದರೆ ಎಲೆ ಗಿಡದ ಮೇಲೇ ಕಾಯುತ್ತೆ. ಬಲಿತ ಎಲೆ ಇವತ್ತಲ್ಲ ಅಂದರೆ ಎರಡು ವಾರ ಬಿಟ್ಟು ಕೊಯ್ದರೂ ನಡೆಯುತ್ತೆ. ವ್ಯಾಪಾರಿ ಕೇಳಿದ ದರ ಹಿಡಿಸದಿದ್ದರೆ "ಇವತ್ತು ಬೇಡ ಬಿಡಿ" ಅನ್ನುವ ಧೈರ್ಯ ಬರುತ್ತೆ. ಚಿಕ್ಕ ಹಿಡುವಳಿಯ ರೈತನಿಗೆ ಚೌಕಾಸಿ ಮಾಡುವ ಶಕ್ತಿ ಕೊಡುವ ಬೆಳೆಗಳು ಕಡಿಮೆ. ಇದು ಅಂಥದ್ದೊಂದು.

ಈ ತಾಳ್ಮೆಗೆ ಒಂದು ಮಿತಿಯೂ ಇದೆ. ತಿಂಗಳುಗಟ್ಟಲೆ ಬಿಟ್ಟರೆ ಎಲೆ ಮುದಿಯಾಗುತ್ತೆ, ಹುಳ ಕಡಿಯುತ್ತೆ, ಪಾಚಿ ಹಿಡಿಯುತ್ತೆ. ಎಲೆ ಕಾಯುತ್ತೆ ನಿಜ, ಗಿರಾಕಿ ಮಾತ್ರ ಕಲೆಯನ್ನು ಕ್ಷಮಿಸಲ್ಲ. ಅಡಿಕೆ ಮರದಲ್ಲಿ ಎಲೆಗೆ ಚುಕ್ಕೆ ಬಂದರೂ ಕಾಯಿ ಮಾರಬಹುದು. ಇಲ್ಲಿ ಎಲೆಯೇ ಕಾಯಿ. ಇಡೀ ಬೇಸಾಯ ನಿಂತಿರೋದು ಈ ಎರಡು ಮಾತಿನ ಮೇಲೆ.

ಕೊಳ್ಳುವವರಿಗೆ ಬೇಕಾದದ್ದು ಏನು?

ಜಿಲ್ಲಾ ಕೇಂದ್ರದ ಡೆಕೋರೇಷನ್‌ನವರು, ಬೊಕೆ ಅಂಗಡಿಯವರು, ಬೆಂಗಳೂರಿನ ಸಗಟು ಹೂ ವ್ಯಾಪಾರಿಗಳು, ಹೋಟೆಲ್ ಮತ್ತು ರೆಸಾರ್ಟ್‌ಗಳು ನಮ್ಮ ಗಿರಾಕಿಗಳು. ಸ್ಯಾಂಪಲ್ ಹಿಡಿದು ಹೋದಾಗ ಶಿವಮೊಗ್ಗದ ಡೆಕೋರೇಷನ್‌ನವರೊಬ್ಬರು ನನಗೆ ಹೇಳಿದ ಮಾತು ಇದು: "ನಂಗೆ ಚೆಂದದ ಎಲೆ ಬೇಡ ಸಾರ್, ಒಂದೇ ಥರದ ಎಲೆ ಬೇಕು. ನೂರು ಕೇಳಿದ್ರೆ ನೂರೂ ಅಣ್ಣತಮ್ಮಂದಿರ ಹಾಗಿರ್ಬೇಕು."

ಇದನ್ನು ಬರೆದಿಟ್ಟುಕೊಳ್ಳಿ. ಮನೆ ಮುಂದಿನ ಅಂಗಳದಲ್ಲಿ ಹತ್ತು ಬಗೆಯ ಕ್ರೋಟನ್ ಇದ್ದರೆ ನೋಡೋಕೆ ಲಕ್ಷಣ. ಮಾರಾಟಕ್ಕೆ ಮಾತ್ರ ಒಂದೇ ತಳಿಯ ನೂರು ಗಿಡ ಬೇಕು. ಒಂದೇ ಉದ್ದ, ಒಂದೇ ಬಣ್ಣ, ಹೇಳಿದ ದಿನಕ್ಕೆ ಹೇಳಿದಷ್ಟು ಕಟ್ಟು ಇರಬೇಕು.

ಎರಡನೇ ವಿಷಯ, ಬಣ್ಣಕ್ಕಿಂತ ಹಸಿರಿಗೇ ಬೇಡಿಕೆ ಜಾಸ್ತಿ. ಊಟದಲ್ಲಿ ಅನ್ನ ಇದ್ದ ಹಾಗೆ ಹಸಿರು ಎಲೆ, ಉಪ್ಪಿನಕಾಯಿ ಇದ್ದ ಹಾಗೆ ಬಣ್ಣದ ಎಲೆ. ಉಪ್ಪಿನಕಾಯಿ ಇಲ್ಲದೆ ಊಟ ರುಚಿಸಲ್ಲ, ಹಾಗಂತ ಅದನ್ನೇ ಬಡಿಸೋಕಾಗಲ್ಲ. ಅದಕ್ಕೇ ಮೂರು ಪಾಲು ಹಸಿರು, ಒಂದು ಪಾಲು ಬಣ್ಣ ಅಂತ ಶುರು ಮಾಡೋದು ಒಳ್ಳೆಯದು. ನಿಮ್ಮ ಗಿರಾಕಿಯ ಬೇಡಿಕೆ ನೋಡಿಕೊಂಡು ಆಮೇಲೆ ಬದಲಾಯಿಸಬಹುದು.

ಯಾವ ಗಿಡ, ಯಾರ ಊರಿಗೆ?

ಮಲೆನಾಡು, ಕರಾವಳಿಯ ನೆರಳಿಗೆ ಇವು ಹೊಂದುತ್ತವೆ:

- ಸಾಂಗ್ ಆಫ್ ಇಂಡಿಯಾ (ಡ್ರಸೀನಾ): ಹಸಿರು ಎಲೆಗೆ ಹಳದಿ ಅಂಚು. ಹೆಸರಲ್ಲಿ ಇಂಡಿಯಾ ಇದ್ದರೂ ಮೂಲ ಮಡಗಾಸ್ಕರ್, ಮಾರಿಷಸ್ ಕಡೆಯದು. ತುದಿಯನ್ನು ಕಡ್ಡಿ ಸಮೇತ ಕೊಯ್ತಾರೆ. ಕೊಯ್ದ ಮೇಲೆ ಬಹಳ ದಿನ ಬಾಳುತ್ತೆ, ಹೊಸಬರಿಗೆ ಒಳ್ಳೆಯ ಗಿಡ.
- ಕಾರ್ಡಿಲೈನ್: ಕೆಂಪು, ಗುಲಾಬಿ, ನೇರಳೆ, ಹಸಿರು ತಳಿಗಳಿವೆ. ಅಗಲ ಎಲೆಯನ್ನು ಬಿಡಿಯಾಗಿಯೂ ಮಾರಬಹುದು, ಸುರುಳಿ ಸುತ್ತಿ ಬೊಕೆಗೆ ಬಳಸ್ತಾರೆ.
- ಆಸ್ಪಿಡಿಸ್ಟ್ರಾ: ನೆಲದಿಂದಲೇ ಏಳುವ ಉದ್ದದ ಕಡು ಹಸಿರು ಎಲೆ. ದಟ್ಟ ನೆರಳಿಗೂ ಸೈ. ಬೆಳವಣಿಗೆ ನಿಧಾನ, ಒಳ್ಳೆಯ ಕೊಯ್ಲಿಗೆ ಎರಡು ವರ್ಷವಾದರೂ ಕಾಯಬೇಕು. ಆಮೇಲೆ ವರ್ಷಗಟ್ಟಲೆ ಕೊಡುತ್ತೆ.
- ಮಾನ್ಸ್ಟೆರಾ, ಫಿಲೋಡೆಂಡ್ರಾನ್ ಝನಾಡು: ಸೀಳು ಸೀಳಾದ ಎಲೆಗಳು. ದೊಡ್ಡ ಅಲಂಕಾರಕ್ಕೆ ಬೇಕಾಗುತ್ತವೆ.
- ಜರೀಗಿಡಗಳು: ಲೆದರ್ ಲೀಫ್ ಫರ್ನ್ ಜಗತ್ತಿನ ಬೊಕೆಗಳಲ್ಲೆಲ್ಲ ಕಾಣುವ ಎಲೆ. ಅಮೆರಿಕದ ಫ್ಲಾರಿಡಾದಲ್ಲಿ ಪಿಯರ್ಸನ್ ಅನ್ನುವ ಸಣ್ಣ ಊರು ಇದನ್ನು ಬೆಳೆದೇ 'ಜಗತ್ತಿನ ಫರ್ನ್ ರಾಜಧಾನಿ' ಅಂತ ಕರೆದುಕೊಳ್ಳುತ್ತೆ. ಇದಕ್ಕೆ ತಂಪು ಹವೆ, ನೀರು ನಿಲ್ಲದ ಸಡಿಲ ಮಣ್ಣು ಬೇಕು.

ಬಯಲುಸೀಮೆಯವರು ತೆಂಗಿನ ನೆರಳಲ್ಲಿ ಅಥವಾ ನೆರಳು ಬಲೆ ಕೆಳಗೆ ಹನಿ ನೀರಾವರಿ ಮಾಡಿ ಅರೆಕಾ ಪಾಮ್, ಸ್ಯಾನ್ಸೆವೇರಿಯಾ, ಆಸ್ಪರಾಗಸ್ ಬೆಳೆಯಬಹುದು. ಆಸ್ಪರಾಗಸ್ ಅಂದರೆ ನಮ್ಮ ಶತಾವರಿ, ಅಂದರೆ ಹಲವು ಮಕ್ಕಳ ತಾಯಿ ಬೇರಿನ ನೆಂಟ. ಗರಿಯ ಹಾಗೆ ಕಂಡರೂ ಅದು ಜರೀಗಿಡವಲ್ಲ. ಬೇಲಿ ಸಾಲಿಗೆ ಕ್ರೋಟನ್, ಕಾಮಿನಿ ಹಾಕಬಹುದು. ಕ್ರೋಟನ್‌ಗೆ ಬೆಳಕು ಬೇಕು, ದಟ್ಟ ನೆರಳಲ್ಲಿಟ್ಟರೆ ಬಣ್ಣ ಮಾಸಿ ಬರೀ ಹಸಿರಾಗುತ್ತೆ.

ನರ್ಸರಿಯಲ್ಲಿ ಕಣ್ಣು ಸೆಳೆಯುವ ಕ್ಯಾಲೇಡಿಯಂ, ಕೋಲಿಯಸ್, ಅಕಾಲಿಫಾ ಎಲೆಗಳು ತೆಳು. ಕೊಯ್ದು ಸ್ವಲ್ಪ ಹೊತ್ತಿಗೇ ಮುದುಡ್ತವೆ, ಬಸ್ ಪ್ರಯಾಣ ತಾಳಲ್ಲ. ಅವು ಅಂಗಳಕ್ಕೆ ಇರಲಿ. ಇನ್ನೊಂದು ಮಾತು, ಕಾಡಿನ ಜರೀಗಿಡ ಕಿತ್ತು ತಂದು ಮಾರುವ ಆಸೆ ಬೇಡ. ಕಾನೂನಿನ ತೊಡಕು ಒಂದು ಕಡೆ, ಹಳ್ಳದ ದಂಡೆ ಬೋಳಾಗೋದು ಇನ್ನೊಂದು ಕಡೆ.

ಗಿಡ ಕೊಳ್ಳೋ ಮೊದಲು ಲೋಟದ ಪರೀಕ್ಷೆ

ಇದಕ್ಕೆ ಕಾಸು ಖರ್ಚಿಲ್ಲ. ನಿಮ್ಮ ಮನೆಯಲ್ಲಿ, ನೆಂಟರ ಮನೆಯಲ್ಲಿ ಇರುವ ಗಿಡಗಳಿಂದ ಒಂದೊಂದು ಬಗೆಯ ಹತ್ತು ಬಲಿತ ಎಲೆ ಅಥವಾ ತುದಿ ಕೊಯ್ಯಿರಿ. ಬೆಳಗ್ಗೆ ಬಿಸಿಲೇರುವ ಮೊದಲೇ ಕೊಯ್ಯಬೇಕು. ಐದನ್ನು ಕೂಡಲೇ ನೀರಿನ ಲೋಟದಲ್ಲಿಡಿ. ಉಳಿದ ಐದನ್ನು ಪೇಪರಿನಲ್ಲಿ ಸುತ್ತಿ ಹನ್ನೆರಡು ಗಂಟೆ ಹಾಗೇ ಬಿಟ್ಟು, ಆಮೇಲೆ ತುದಿ ಅರ್ಧ ಇಂಚು ಕತ್ತರಿಸಿ ಇನ್ನೊಂದು ಲೋಟದಲ್ಲಿಡಿ. ಇದು ರಾತ್ರಿ ಬಸ್ಸಿನ ಪಾರ್ಸೆಲ್‌ನ ನಕಲು. ಎರಡೂ ಲೋಟಕ್ಕೆ ಹೆಸರು, ತಾರೀಖಿನ ಚೀಟಿ ಅಂಟಿಸಿ, ನೆರಳಲ್ಲಿಡಿ. ದಿನಾ ನೀರು ಬದಲಾಯಿಸಿ, ಅದೇ ಹೊತ್ತಿಗೆ ಒಂದು ಫೋಟೋ ತೆಗೆಯಿರಿ.

ಐದರಲ್ಲಿ ಮೂರು ಎಲೆ ಬಾಡಿದ ದಿನವೇ ಆ ಲೋಟದ ಕೊನೆ ದಿನ ಅಂತ ಲೆಕ್ಕ ಹಿಡೀತೀನಿ ನಾನು. ಎರಡನೇ ಲೋಟದಲ್ಲಿ ಒಂದು ವಾರ ಕೂಡ ಬಾಳದ ಎಲೆಯನ್ನು ದೂರದ ಮಾರುಕಟ್ಟೆಗೆ ಬೆಳೆಯೋದು ಬೇಡ. ಡ್ರಸೀನಾ, ಆಸ್ಪಿಡಿಸ್ಟ್ರಾ ಸಾಮಾನ್ಯವಾಗಿ ಎರಡು ವಾರ ದಾಟುತ್ತವೆ. ಈ ಫೋಟೋಗಳನ್ನು ಅಳಿಸಬೇಡಿ. ಗಿರಾಕಿಯ ಹತ್ತಿರ ಹೋದಾಗ "ಇದು ಹದಿನಾಲ್ಕನೇ ದಿನದ ಎಲೆ ಅಣ್ಣಾ" ಅಂತ ತೋರಿಸಿದರೆ ಬೇರೆ ಜಾಹೀರಾತು ಬೇಕಿಲ್ಲ.

ಎಲೆ ಬಾಡೋದು ಯಾಕೆ ಅಂತ ತಿಳಿದಿದ್ದರೆ ಒಳ್ಳೆಯದು. ಎಳೆಯ ಎಲೆಯ ಮೇಲೆ ಮೇಣದ ಪದರ ಇನ್ನೂ ಗಟ್ಟಿಯಾಗಿರಲ್ಲ, ನೀರು ಬೇಗ ಆರಿಹೋಗುತ್ತೆ. ಕಡ್ಡಿಯ ನೀರಿನ ನಾಳಕ್ಕೆ ಗಾಳಿ ಸೇರಿದರೆ, ಕೊಳೆ ನೀರಿನ ಬ್ಯಾಕ್ಟೀರಿಯಾ ಕಟ್ಟಿಕೊಂಡರೆ, ಲೋಟದ ತುಂಬ ನೀರಿದ್ದರೂ ಎಲೆಗೆ ಏರಲ್ಲ. ಆದ್ದರಿಂದಲೇ ಬಲಿತ ಎಲೆ, ಹರಿತ ಕತ್ತರಿ, ಶುದ್ಧ ಬಕೆಟ್ ಅಂತ ಮತ್ತೆ ಮತ್ತೆ ಹೇಳೋದು.

ಅಡಿಕೆ ಮರದ ಕೆಳಗೆ ಜಾಗ ಹೇಗೆ?

ಒಂಬತ್ತು ಅಡಿ ಅಂತರದ ಅಡಿಕೆ ತೋಟದಲ್ಲಿ ಮರದ ಎರಡೂ ಕಡೆ ಎರಡೂವರೆ ಅಡಿ ಬಿಡಿ. ಅದು ಅಡಿಕೆಗೆ ಗೊಬ್ಬರ ಹಾಕುವ ಬುಡ, ಅಲ್ಲಿ ಅಗೆದರೆ ಬೇರಿಗೆ ಪೆಟ್ಟು. ನಡುವೆ ನಾಲ್ಕು ಅಡಿ ಅಗಲದ ಮಡಿ ಸಿಗುತ್ತೆ. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಇಟ್ಟರೆ ಗುಂಟೆಗೆ ಸುಮಾರು 150 ಗಿಡ ಕೂರುತ್ತೆ. ಬಸಿಗಾಲುವೆ ಸರಿಯಿಲ್ಲದ ತೋಟದಲ್ಲಿ ಮೊದಲು ಬಸಿಗಾಲುವೆ ತೆಗೆಯಿರಿ, ಗಿಡದ ಮಾತು ಆಮೇಲೆ. ಮಳೆಗಾಲದಲ್ಲಿ ನೀರು ನಿಂತರೆ ಬುಡ ಕೊಳೆಯುತ್ತೆ.

ಬೆಳಕು ಎಷ್ಟಿದೆ ಅಂತ ನೋಡೋಕೆ ಮಧ್ಯಾಹ್ನ ಹನ್ನೆರಡಕ್ಕೆ ಬಿಳಿ ಹಾಳೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳ ನೆರಳು ಗೀಟು ಎಳೆದ ಹಾಗೆ ಸ್ಪಷ್ಟವಾಗಿದ್ದರೆ ಬಿಸಿಲು ಜಾಸ್ತಿ, ಕ್ರೋಟನ್‌ಗೆ ಸರಿ. ಅಂಚು ಮಸುಕಾಗಿದ್ದರೆ ಡ್ರಸೀನಾ, ಕಾರ್ಡಿಲೈನ್‌ಗೆ ಹೇಳಿ ಮಾಡಿಸಿದ ಜಾಗ. ನೆರಳೇ ಕಾಣದಿದ್ದರೆ ಆಸ್ಪಿಡಿಸ್ಟ್ರಾ, ಫರ್ನ್ ಬಿಟ್ಟು ಬೇರೆ ಬೇಡ. ಕೆಂಪು ಎಲೆಗೆ ಬೆಳಕು ಕಡಿಮೆಯಾದರೆ ಬಣ್ಣ ಏರಲ್ಲ. ಬಿಳಿ, ಹಳದಿ ಅಂಚಿನ ಎಲೆಗೆ ನೇರ ಬಿಸಿಲು ಬಿದ್ದರೆ ಆ ಅಂಚೇ ಮೊದಲು ಸುಡುತ್ತೆ.

ಪುಸ್ತಕಗಳಲ್ಲಿ ಅಷ್ಟಾಗಿ ಸಿಗದ, ಅಡಿಕೆ ತೋಟದಲ್ಲಿ ಮಾತ್ರ ಎದುರಾಗುವ ಎರಡು ಸಂಗತಿಗಳಿವೆ.

ಒಂದು, ಮೇಲಿಂದ ಬೀಳುವ ಸೋಗೆ ಮತ್ತು ಹಾಳೆ. ಒಂದು ಸೋಗೆ ಬಿದ್ದರೆ ಕೆಳಗಿನ ಎರಡು ಗಿಡದ ತುದಿ ಮುರಿದ ಹಾಗೇ. ವಾರಕ್ಕೊಮ್ಮೆ ಸುತ್ತು ಹೊಡೆದು ಹಣ್ಣಾದ ಸೋಗೆ ಎಳೆದು ಹಾಕಿ, ಬಿದ್ದದ್ದನ್ನು ಅವತ್ತೇ ಎತ್ತಿ. ಕೊನೆ ಕೊಯ್ಯುವ ದಿನ ಕೊನೆಗಾರರಿಗೆ ಮೊದಲೇ ಹೇಳಿ ಮಡಿಗಳ ಮೇಲೆ ಗೊನೆ ಬೀಳದ ಹಾಗೆ ಹಗ್ಗದಲ್ಲಿ ಇಳಿಸಿ.

ಇನ್ನೊಂದು, ಮದ್ದು. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ 40-45 ದಿನಕ್ಕೆ ಇನ್ನೊಂದು ಸಲ ಬೋರ್ಡೋ ಹೊಡೀತೀವಿ. ಮೈಲುತುತ್ತು-ಸುಣ್ಣದ ಆ ಹನಿ ಕೆಳಗಿನ ಎಲೆಗೆ ಬಿದ್ದರೆ ನೀಲಿ-ಬಿಳಿ ಕಲೆ. ಒರೆಸಿದರೆ ಹೋಗಲ್ಲ, ಅಷ್ಟೂ ಎಲೆ ಮಾರಾಟಕ್ಕೆ ನಾಲಾಯಕ್ಕು. ಹಾಗಾಗಿ ಮದ್ದು ಹೊಡೆಯುವ ಹಿಂದಿನ ದಿನ ಬಲಿತ ಎಲೆಯನ್ನೆಲ್ಲ ಕೊಯ್ದುಬಿಡಿ. ಮದ್ದಿನ ಹೊತ್ತಿಗೂ ಆಷಾಢಕ್ಕೂ ನಂಟಿರೋದರಿಂದ, ಆ ಅವಧಿಯನ್ನು ಗಿಡಕ್ಕೆ ವಿಶ್ರಾಂತಿ ಅಂತಲೇ ಇಟ್ಟುಕೊಳ್ಳಿ. ಶ್ರಾವಣದ ಮದುವೆಗಳಿಗೆ ಹೊಸ ಚಿಗುರು ಬಲಿತು ಸಿದ್ಧವಾಗುತ್ತಾ ಬರುತ್ತೆ.

ನೀರಿನಲ್ಲಿ ಫ್ಲೋರೈಡ್ ಇದ್ದರೆ

ಡ್ರಸೀನಾ, ಕಾರ್ಡಿಲೈನ್ ಎರಡಕ್ಕೂ ಫ್ಲೋರೈಡ್ ಆಗಿಬರಲ್ಲ. ನೀರಿನ ಜೊತೆ ಏರಿ ಎಲೆಯ ತುದಿಯಲ್ಲಿ ಶೇಖರವಾಗುತ್ತೆ, ತುದಿ ಕಂದಾಗಿ ಸುಟ್ಟ ಹಾಗಾಗುತ್ತೆ. ಎಲೆಯೇ ಮಾಲು ಆಗಿರುವಾಗ ಸುಟ್ಟ ತುದಿ ಅಂದರೆ ಆದಾಯವೇ ಸುಟ್ಟ ಹಾಗೆ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ಪಾವಗಡ, ಮುಂಡರಗಿ ಕಡೆಯ ಕೊಳವೆಬಾವಿ ನೀರಿನ ಕಥೆ ನಿಮಗೆ ಗೊತ್ತೇ ಇದೆ. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ ಅನ್ನುತ್ತೆ ಭಾರತೀಯ ಮಾನಕ. ಈ ಗಿಡಗಳಿಗೆ ಅಷ್ಟು ಇದ್ದರೂ ತುದಿ ಸುಡಬಹುದು. ಆ ಭಾಗದವರು ನೀರು ಪರೀಕ್ಷೆ ಮಾಡಿಸದೆ ಡ್ರಸೀನಾ ಹಾಕಬೇಡಿ. ಕೃಷಿ ಹೊಂಡದ ಮಳೆ ನೀರಿದ್ದರೆ ಧೈರ್ಯವಾಗಿ ಹಾಕಬಹುದು.

ಸಾವಯವದವರು ಗಮನಿಸಬೇಕಾದ ಮಾತು ಇಲ್ಲೇ ಇದೆ. ರಂಜಕಕ್ಕಾಗಿ ನಾವು ಬಳಸುವ ಶಿಲಾ ರಂಜಕದಲ್ಲೂ ಫ್ಲೋರೈಡ್ ಇರುತ್ತೆ. ಸೂಪರ್ ಫಾಸ್ಫೇಟ್‌ನಲ್ಲೂ ಅಷ್ಟೇ. ಈ ಎರಡು ಗಿಡಗಳ ಮಡಿಗೆ ಅವು ಬೇಡ, ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ಸಾಕು. ಮಣ್ಣು ಹುಳಿಯಾದಷ್ಟೂ ಫ್ಲೋರೈಡ್ ಬೇರಿಗೆ ಸುಲಭವಾಗಿ ಸಿಗುತ್ತೆ. ನಮ್ಮ ಮಲೆನಾಡಿನ ಹುಳಿ ಮಣ್ಣಿಗೆ ಮಣ್ಣು ಪರೀಕ್ಷೆ ನೋಡಿಕೊಂಡು ಸುಣ್ಣ ಕೊಟ್ಟು, ರಸಸಾರ 6ರಿಂದ 6.5ರ ನಡುವೆ ಇರುವ ಹಾಗೆ ನೋಡಿಕೊಳ್ಳಿ.

ಗಡಸು ನೀರಾದರೆ ತುಂತುರು ಬೇಡ, ಎಲೆಯ ಮೇಲೆ ಬಿಳಿ ಚುಕ್ಕೆ ಕೂರುತ್ತೆ. ಹನಿ ನೀರಾವರಿಯೇ ವಾಸಿ.

ಗೊಬ್ಬರ, ಹುಳ, ರೋಗ

ಗೊಬ್ಬರ ಜಾಸ್ತಿ ಹಾಕಿ ಎಲೆ ಕೊಬ್ಬಿಸೋಕೆ ಹೋಗಬೇಡಿ. ಸಾರಜನಕ ಹೆಚ್ಚಾದ ಎಲೆ ಮೆತ್ತಗಾಗುತ್ತೆ, ಬಣ್ಣ ಕುಂದುತ್ತೆ, ಬೇಗ ಬಾಡುತ್ತೆ, ಹುಳಕ್ಕೂ ಅದೇ ಇಷ್ಟ. ಮುಂಗಾರಿನ ಮೊದಲು ಒಂದು ಸಲ, ಮಳೆ ಕಡಿಮೆಯಾದ ಮೇಲೆ ಒಂದು ಸಲ ಕಳಿತ ಗೊಬ್ಬರ ಮತ್ತು ಸ್ವಲ್ಪ ಬೇವಿನ ಹಿಂಡಿ ಕೊಡಿ. ಬುಡಕ್ಕೆ ತರಗೆಲೆ ಮುಚ್ಚಿಗೆ ಹಾಕಿ. ಮಳೆ ಹನಿ ಸಿಡಿದು ಎಲೆಗೆ ಮಣ್ಣು ಹತ್ತೋದು ಮುಚ್ಚಿಗೆಯಿಂದಲೇ ನಿಲ್ಲುತ್ತೆ.

ಹಿಟ್ಟು ತಿಗಣೆ, ಶಲ್ಕ ಕೀಟ, ಬೇಸಿಗೆಯಲ್ಲಿ ನುಸಿ, ಮಳೆಗಾಲದಲ್ಲಿ ಬಸವನ ಹುಳು, ಇವೇ ನಮ್ಮ ಮುಖ್ಯ ಕಾಟ. ಶುರುವಿನಲ್ಲಿ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ, ಜಾಸ್ತಿ ಹಿಡಿದ ಕಡ್ಡಿ ಕತ್ತರಿಸಿ ತೆಗೆಯಿರಿ. ಆಮೇಲೆ ಲೀಟರ್ ನೀರಿಗೆ 3-5 ಮಿ.ಲೀ. ಬೇವಿನ ಎಣ್ಣೆಗೆ ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಮೊದಲು ನಾಲ್ಕೈದು ಗಿಡಕ್ಕೆ ಹೊಡೆದು ಎರಡು ದಿನ ನೋಡಿ, ಎಲೆ ಸುಡದಿದ್ದರೆ ಮುಂದುವರಿಸಿ. ಕೊಯ್ಲಿಗೆ ಎರಡು ವಾರ ಇರುವಾಗ ನಿಲ್ಲಿಸಿ. ಎಣ್ಣೆ ಜಿಡ್ಡಿಗೆ ಧೂಳು ಹಿಡಿದರೆ ಎಲೆಯ ಹೊಳಪು ಹೋಗುತ್ತೆ. ಬಸವನ ಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಹೆಕ್ಕೋದೇ ಮದ್ದು. ಒದ್ದೆ ಗೋಣಿಚೀಲ ಹಾಸಿಟ್ಟರೆ ಬೆಳಗ್ಗೆ ಅದರಡಿ ಸೇರಿರುತ್ತವೆ.

ಎಲೆಚುಕ್ಕೆಗೆ ಗಾಳಿಯಾಟವೇ ಅರ್ಧ ಔಷಧಿ. ಚುಕ್ಕೆ ಬಿದ್ದ ಎಲೆಯನ್ನು ಮಡಿಯಲ್ಲಿ ಬಿಡದೆ ಹೊರಗೆ ಸಾಗಿಸಿ. ಒದ್ದೆ ಇರುವಾಗ ಗಿಡ ಮುಟ್ಟಬೇಡಿ.

ಕೊಯ್ಲು, ಕಟ್ಟು, ಸಾಗಣೆ

ಬೆಳಗ್ಗೆ ತಂಪಿನಲ್ಲಿ ಕೊಯ್ಯಿರಿ, ಬಕೆಟ್ ನೀರು ಮಡಿಯ ಹತ್ತಿರವೇ ಇರಲಿ. ಕೊಯ್ದ ಕೂಡಲೇ ಬುಡ ನೀರಿಗೆ. ಹಾಲಿನ ಕ್ಯಾನ್ ತೊಳೆಯುವಷ್ಟೇ ಶ್ರದ್ಧೆಯಿಂದ ಬಕೆಟ್ ತೊಳೆಯಬೇಕು. ಕ್ರೋಟನ್ ಹಾಲು ಬಟ್ಟೆಗೆ ತಾಗಿದರೆ ಕಲೆ, ಕೆಲವರ ಚರ್ಮಕ್ಕೆ ತುರಿಕೆ ಬರುತ್ತೆ, ಕೈಗವಸು ಹಾಕಿಕೊಳ್ಳಿ. ಒಂದು ಗಿಡದ ಎಲೆಯನ್ನೆಲ್ಲ ಬೋಳಿಸಬೇಡಿ. ಮೂರರಲ್ಲಿ ಎರಡು ಪಾಲು ಗಿಡದ ಮೇಲೇ ಇದ್ದರೆ ಮುಂದಿನ ಚಿಗುರಿಗೆ ಶಕ್ತಿ ಉಳಿಯುತ್ತೆ.

ನೆರಳಿನಲ್ಲಿ ಮೂರ್ನಾಲ್ಕು ಗಂಟೆ ನೀರು ಕುಡಿಸಿ, ಎಲೆ ಒರೆಸಿ, ಉದ್ದದ ಪ್ರಕಾರ ಬೇರ್ಪಡಿಸಿ. ಹತ್ತು ಹತ್ತರ ಕಟ್ಟು ಕಟ್ಟಿ. ಹೊಳಪಿನ ಸ್ಪ್ರೇ ಏನೂ ಬೇಡ. ಮೇಲ್ಮೈ ನೀರು ಆರಿದ ಮೇಲೆಯೇ ನ್ಯೂಸ್‌ಪೇಪರ್ ಸುತ್ತಿ ರಟ್ಟಿನ ಪೆಟ್ಟಿಗೆಗೆ ತುಂಬಿ. ಒದ್ದೆ ಎಲೆಯನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿದರೆ ಬೆಳಗಾಗುವಷ್ಟರಲ್ಲಿ ಕಪ್ಪು ಮಚ್ಚೆ ಗ್ಯಾರಂಟಿ.

ಉಳಿದ ಎಲೆ ಅಡುಗೆಮನೆ ಫ್ರಿಜ್‌ನಲ್ಲಿಡೋಣ ಅಂತ ಹಲವರು ಯೋಚಿಸ್ತಾರೆ. ಆಸ್ಪರಾಗಸ್, ಲೆದರ್ ಲೀಫ್ ಫರ್ನ್ ಆ ಚಳಿ ತಾಳುತ್ತವೆ. ಕಾರ್ಡಿಲೈನ್, ಪಾಮ್ ತಾಳಲ್ಲ. ಉಷ್ಣವಲಯದ ಎಲೆಗೆ ಅತಿ ಚಳಿ ಅಂದರೆ ಸುಟ್ಟ ಗಾಯದ ಹಾಗೆ, ಎಲೆ ಕಪ್ಪಿಟ್ಟು ಹೋಗುತ್ತೆ. ಅವುಗಳಿಗೆ ತಂಪಾದ ಕತ್ತಲ ಕೋಣೆ ಸಾಕು.

ಲೆಕ್ಕ ಹಾಕಿ ಮಾತು ಕೊಡಿ

ಎಲೆ ದರ ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತೆ. ಬದಲಾಗದ ಲೆಕ್ಕ ಒಂದಿದೆ, ಗಿಡದ ಲೆಕ್ಕ. ಒಬ್ಬ ಡೆಕೋರೇಷನ್‌ನವರು ವಾರಕ್ಕೆ 20 ಕಟ್ಟು ಸಾಂಗ್ ಆಫ್ ಇಂಡಿಯಾ ಕೇಳಿದರು ಅಂದುಕೊಳ್ಳಿ. ಕಟ್ಟಿಗೆ ಹತ್ತರಂತೆ ವಾರಕ್ಕೆ 200 ತುದಿ, ವರ್ಷದ 52 ವಾರಕ್ಕೆ 10,400 ತುದಿ. ಒಂದು ಗಿಡ ವರ್ಷಕ್ಕೆ ಮಾರುವಂಥ 6 ತುದಿ ಕೊಡುತ್ತೆ ಅಂತ ಹಿಡಿದರೆ 1,734 ಗಿಡ ಬೇಕು. ಗುಂಟೆಗೆ 150ರಂತೆ ಸುಮಾರು 12 ಗುಂಟೆ ಜಾಗ.

ಅಂದರೆ 200 ಗಿಡ ಹಾಕಿಕೊಂಡು ವಾರ ವಾರ ಕೊಡ್ತೀನಿ ಅನ್ನೋಕಾಗಲ್ಲ. ಅಷ್ಟು ಗಿಡದವರು ಊರಿನ ಹೂವಿನಂಗಡಿಗೆ, ಹತ್ತಿರದ ರೆಸಾರ್ಟ್‌ಗೆ ಮದುವೆ ಲೆಕ್ಕದಲ್ಲಿ ಕೊಡಬಹುದು. ಇಲ್ಲವೇ ಅಕ್ಕಪಕ್ಕದ ಐದಾರು ತೋಟದವರು ಒಂದೇ ತಳಿ ಹಾಕಿ, ಸರದಿಯಲ್ಲಿ ಕೊಯ್ದು, ಒಂದೇ ಪೆಟ್ಟಿಗೆಯಲ್ಲಿ ಕಳಿಸಬಹುದು. ಒಂದು ವಾಟ್ಸಾಪ್ ಗುಂಪು ಇದ್ದರೆ ಸಾಕು, ಯಾರ ಮಡಿಯಲ್ಲಿ ಎಷ್ಟು ಬಲಿತಿದೆ ಅಂತ ಗೊತ್ತಾಗುತ್ತೆ. ಖರ್ಚಿನ ಪಟ್ಟಿಯಲ್ಲಿ ಕೊಯ್ಲಿನ ಕೂಲಿ, ಪೆಟ್ಟಿಗೆ, ಪಾರ್ಸೆಲ್, ವಾಪಸ್ ಬಂದ ಕಟ್ಟು ಎಲ್ಲವನ್ನೂ ಬರೆಯಿರಿ. ಮನೆಯವರ ದುಡಿಮೆಗೂ ಕೂಲಿ ಹಾಕಿ. ಅಮ್ಮ ಕೂತು ಎಲೆ ಒರೆಸಿದ್ದು ಪುಕ್ಕಟೆ ಅಲ್ಲ.

ಗಿಡ ಮಾರುವವರ ಮಾತು ಕೇಳಿ ಹೂಡಿಕೆ ಬೇಡ

ನಮ್ಮ ಪಕ್ಕದೂರಿನ ಹುಡುಗನೊಬ್ಬ ಇದೇ ಉತ್ಸಾಹದಲ್ಲಿ ಸಾಲ ಮಾಡಿ ಮೂರು ಸಾವಿರ ಗಿಡ ತರಿಸಿದ. "ಎಲೆ ಎಲ್ಲ ನಾವೇ ವಾಪಸ್ ಕೊಳ್ತೀವಿ" ಅಂತ ಗಿಡ ಮಾರಿದವರು ಬಾಯಿ ಮಾತು ಕೊಟ್ಟಿದ್ದರು. ವರ್ಷ ತುಂಬಿ ಎಲೆ ಬಲಿತಾಗ ಅವರ ಫೋನ್ ಸ್ವಿಚ್ ಆಫ್. ಗಿಡ ಚೆನ್ನಾಗೇ ಬಂದಿತ್ತು, ಕೊಳ್ಳುವವರು ಮಾತ್ರ ಇರಲಿಲ್ಲ. ಅವನು ಒಂದೊಂದೇ ಅಂಗಡಿ ಸುತ್ತಿ ಈಗ ಗಿರಾಕಿ ಹುಡುಕಿಕೊಂಡಿದ್ದಾನೆ. ಎಲೆ ಕಾಯುವ ಬೆಳೆ ಆದ್ದರಿಂದ ಉಳಿದುಕೊಂಡ. ಅದೇ ದುಡ್ಡು ಹೂವಿಗೆ ಹಾಕಿದ್ದರೆ ಆ ಅವಕಾಶವೂ ಇರುತ್ತಿರಲಿಲ್ಲ. ಆದರೂ ಸಾಲದ ಬಡ್ಡಿ ಎಲೆಯ ಹಾಗೆ ಕಾಯುತ್ತಾ ಕೂರಲಿಲ್ಲ.

ವಾಪಸ್ ಕೊಳ್ಳುವ ಮಾತು ಯಾರೇ ಆಡಲಿ, ದರ, ಅಳತೆ, ತಿಂಗಳಿಗೆ ಎಷ್ಟು, ತಿರಸ್ಕರಿಸುವ ಕಾರಣ, ದುಡ್ಡು ಕೊಡುವ ದಿನ ಎಲ್ಲ ಬರಹದಲ್ಲಿರಲಿ. ಅವರು ಈಗಾಗಲೇ ಕೊಳ್ಳುತ್ತಿರುವ ಇಬ್ಬರು ರೈತರ ತೋಟಕ್ಕೆ ಹೋಗಿ ನೋಡಿ. ಕಡ್ಡಿಯಿಂದಲೇ ಹುಟ್ಟುವ ಡ್ರಸೀನಾ, ಕಾರ್ಡಿಲೈನ್, ಕ್ರೋಟನ್‌ಗೆ ಸಾವಿರಗಟ್ಟಲೆ ಗಿಡ ಕೊಳ್ಳುವ ಅಗತ್ಯವೂ ಇಲ್ಲ. ಐವತ್ತು ತಾಯಿ ಗಿಡ ತಂದು, ಆರು ಇಂಚಿನ ತುಂಡುಗಳನ್ನು ಮರಳು, ಎರೆಗೊಬ್ಬರದ ಮಿಶ್ರಣದಲ್ಲಿ ನೆರಳಲ್ಲಿ ನೆಟ್ಟರೆ ನಾಲ್ಕರಿಂದ ಆರು ವಾರಕ್ಕೆ ಬೇರು ಬಿಡುತ್ತವೆ. ಒಂದೇ ತಾಯಿಯಿಂದ ಬಂದ ಗಿಡಗಳೆಲ್ಲ ಒಂದೇ ಥರ ಇರುತ್ತವೆ. ಆ ಡೆಕೋರೇಷನ್‌ನವರು ಕೇಳಿದ 'ಅಣ್ಣತಮ್ಮಂದಿರು' ಇವೇ.

ಈ ವಾರ ಶುರು ಮಾಡೋದು ಇಷ್ಟೇ

ನಾಳೆ ಬೆಳಗ್ಗೆ ಲೋಟದ ಪರೀಕ್ಷೆ ಶುರು ಮಾಡಿ. ಮಧ್ಯಾಹ್ನ ತೋಟದಲ್ಲಿ ಬಿಳಿ ಹಾಳೆ ಹಿಡಿದು ನೆರಳು ನೋಡಿ. ನಿಮ್ಮ ಪೇಟೆಯ ಎರಡು ಹೂವಿನಂಗಡಿ, ಒಬ್ಬ ಡೆಕೋರೇಷನ್‌ನವರ ಹತ್ತಿರ ಹೋಗಿ ನಾಲ್ಕು ಪ್ರಶ್ನೆ ಕೇಳಿ: ಯಾವ ಎಲೆ ಕೊಳ್ತೀರಿ, ಎಲ್ಲಿಂದ ಬರುತ್ತೆ, ಕಟ್ಟಿಗೆ ಎಷ್ಟು, ಯಾವ ತಿಂಗಳು ಸಿಗಲ್ಲ? ನಾಲ್ಕನೇ ಪ್ರಶ್ನೆಯ ಉತ್ತರದಲ್ಲೇ ನಿಮ್ಮ ಅವಕಾಶ ಇರುತ್ತೆ. ಅದು ಸಿಗುವವರೆಗೆ ಒಂದು ಗಿಡಕ್ಕೂ ದುಡ್ಡು ಹಾಕಬೇಡಿ. ಅವಸರ ಮಾಡುವ ಬೆಳೆ ಇದಲ್ಲ, ನೀವೂ ಅವಸರ ಮಾಡಬೇಡಿ.